ಬಣ್ಣದ ಡಬ್ಬ ತೆರೆಯುವ ಮುಂಚೆ: ನಮ್ಮೂರಲ್ಲಿ ಸಾರ್ವಜನಿಕ ಕಲೆ ಬೆಳೆಸುವುದು ಹೇಗೆ

ದಸರಾವೋ ಗಣರಾಜ್ಯೋತ್ಸವವೋ ಹತ್ತಿರ ಬಂತು ಅಂದರೆ ಪಾಲಿಕೆ ಕಚೇರಿಯಿಂದ ಚಿತ್ರಕಲಾ ಕಾಲೇಜಿಗೆ ಫೋನ್ ಹೋಗುತ್ತದೆ. “ಒಂದು ವಾರದಲ್ಲಿ ಮುಖ್ಯರಸ್ತೆ ಗೋಡೆಗೆಲ್ಲ ಚಿತ್ರ ಆಗಬೇಕು. ಬಣ್ಣ ನಾವು ಕೊಡಿಸ್ತೀವಿ. ಹುಡುಗರಿಗೆ ಊಟ, ಸರ್ಟಿಫಿಕೇಟ್ ಕೊಡೋಣ.” ಹುಡುಗರು ಬರುತ್ತಾರೆ, ಬಿಸಿಲಲ್ಲಿ ನಿಂತು ಬರೆಯುತ್ತಾರೆ. ಮೇಯರ್ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹೊಪ್ಪಳೆ ಏಳುತ್ತದೆ. ಅದರ ಮೇಲೆ ಟ್ಯೂಷನ್ ಪೋಸ್ಟರ್ ಬೀಳುತ್ತದೆ. ಆಮೇಲೆ ಎಲ್ಲರೂ ಸೇರಿ “ನಮ್ಮ ಜನಕ್ಕೆ ಕಲೆ ಬೇಕಾಗಿಲ್ಲ ಬಿಡಿ” ಅನ್ನುತ್ತಾರೆ.

ಜನರದ್ದೇನೂ ತಪ್ಪಿಲ್ಲ. ಕೆಲಸ ಶುರು ಮಾಡಿದ್ದೇ ಕೊನೆಯ ತುದಿಯಿಂದ. ಬಣ್ಣ ಬಳಿಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದಕ್ಕೂ ಮುಂಚೆ ಮೂರು ಪ್ರಶ್ನೆಗೆ ಉತ್ತರ ಬರಹದಲ್ಲಿ ಇರಬೇಕು: ಗೋಡೆ ಯಾರದ್ದು, ಕಲಾವಿದರಿಗೆ ದುಡ್ಡು ಯಾವ ಲೆಕ್ಕದಿಂದ, ಮೂರು ವರ್ಷ ಆದಮೇಲೆ ಅದನ್ನು ನೋಡಿಕೊಳ್ಳುವವರು ಯಾರು. ಈ ಮೂರಕ್ಕೂ ಉತ್ತರ ಇರುವ ಊರಲ್ಲಿ ಕಲೆ ತಾನಾಗಿ ಬೆಳೆಯುತ್ತದೆ.

ಈ ಲೇಖನ ಪಾಲಿಕೆ, ನಗರಸಭೆ ಸದಸ್ಯರಿಗೆ, ಅಲ್ಲಿನ ಅಧಿಕಾರಿಗಳಿಗೆ, ಬಡಾವಣೆ ಸಂಘದವರಿಗೆ. ಉದಾಹರಣೆ ಹೆಚ್ಚಾಗಿ ಬೆಂಗಳೂರಿನವು. ಆದರೆ ದಾವಣಗೆರೆಗೂ ಕಲಬುರಗಿಗೂ ದಾರಿ ಹೆಚ್ಚು ಕಡಿಮೆ ಇದೇ.

1. ಊರಲ್ಲಿ ಯಾರಿದ್ದಾರೆ, ಪಟ್ಟಿ ಮಾಡಿ

ಕಲಾವಿದರು ಅಂದರೆ ಗ್ಯಾಲರಿಯಲ್ಲಿ ಪ್ರದರ್ಶನ ಮಾಡುವವರು ಮಾತ್ರ ಅಲ್ಲ. ಬೋರ್ಡ್ ಬರೆಯುವವರು, ಗಣೇಶನ ಮೂರ್ತಿ ಮಾಡುವವರು, ನಾಟಕದ ಪರದೆ ಬರೆಯುವವರು, ಲಾರಿ ಹಿಂದೆ ಹೂಬಳ್ಳಿ ಬಿಡಿಸುವವರು, ತೊಗಲು ಗೊಂಬೆಯವರು, ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಎಲ್ಲರೂ ಪಟ್ಟಿಗೆ ಬರಲಿ.

ಬೋರ್ಡ್ ಬರೆಯುವವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫ್ಲೆಕ್ಸ್ ಪ್ರಿಂಟಿಂಗ್ ಬಂದಮೇಲೆ ಇವರ ಹೊಟ್ಟೆಗೆ ಹೊಡೆತ ಬಿತ್ತು. ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು ಆಟೊ ಓಡಿಸಲು ಹೋದರು. 2009ರಲ್ಲಿ ಬೆಂಗಳೂರು ಪಾಲಿಕೆ ಇಂಥ ಪೇಂಟರ್‌ಗಳನ್ನೇ ಕರೆದು ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿತು. ಮೈಸೂರು ಅರಮನೆ, ಹಂಪಿ ಕಲ್ಲಿನ ರಥ, ಹುಲಿ, ಜೋಗ, ಎಲ್ಲ ಬಂತು. ಕಲಾಶಾಲೆಯಲ್ಲಿ ಓದಿದ ಕೆಲವರು “ಇದು ಕ್ಯಾಲೆಂಡರ್ ಚಿತ್ರ” ಎಂದು ಮೂಗು ಮುರಿದರು. ಇರಬಹುದು. ಆದರೆ ಆ ಕೆಲಸದಲ್ಲಿ ಒಂದು ಸಂಗತಿ ಸರಿಯಾಗಿತ್ತು: ಗೋಡೆ ಬಲ್ಲವರ ಕೈಗೆ ಗೋಡೆ ಕೊಟ್ಟಿದ್ದು. ಬೋರ್ಡ್ ಬರೆಯುವವರು ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿ. ಸಣ್ಣ ಚಿತ್ರದ ಮೇಲೆ ಚೌಕ ಹಾಕಿ, ಗೋಡೆ ಮೇಲೂ ಅಷ್ಟೇ ಚೌಕ ಹಾಕುತ್ತಾರೆ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ತುದಿ ಎಳೆದು ಹಿಡಿದು ಒಮ್ಮೆ ಚಿಮ್ಮಿದರೆ ನೇರ ಗೆರೆ. ಕೈ ನಡುಗದಂತೆ ಊರಲು ಒಂದು ಕೋಲು. ಇಪ್ಪತ್ತು ಅಡಿ ಅಗಲದ ಮುಖ ಬರೆದರೂ ಕಣ್ಣು ಮೂಗು ಜಾಗ ತಪ್ಪುವುದಿಲ್ಲ. ಕಾಲೇಜಿನಿಂದ ಈಗಷ್ಟೇ ಹೊರಬಂದ ಹುಡುಗರಿಗೆ ಈ ಕೈಚಳಕ ಗೊತ್ತಿರುವುದಿಲ್ಲ. ಇಬ್ಬರನ್ನೂ ಒಂದೇ ಗೋಡೆಗೆ ಹಾಕಿ. ಹೊಸ ಕಲ್ಪನೆ ಹುಡುಗರದ್ದು, ಕೈಕೆಲಸ ಹಿರಿಯರದ್ದು.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರಲಿ: ವಯಸ್ಸು. ಕಷ್ಟದಲ್ಲಿರುವ 58 ದಾಟಿದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ಎಷ್ಟೋ ಜನಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ, ಯಾವ ದಾಖಲೆ ಬೇಕು ಎಂದೂ ಗೊತ್ತಿರುವುದಿಲ್ಲ. ಪಾಲಿಕೆ ವಾರಕ್ಕೊಂದು ಮಧ್ಯಾಹ್ನ ಒಬ್ಬ ಸಿಬ್ಬಂದಿಯನ್ನು ಇದಕ್ಕೇ ಕೂರಿಸಿದರೆ ಸಾಕು. ಒಂದು ಮೂರ್ತಿ ನಿಲ್ಲಿಸುವುದಕ್ಕಿಂತ ಇದು ದೊಡ್ಡ ಕಲಾಸೇವೆ ಅನ್ನುವುದು ನನ್ನ ಅಭಿಪ್ರಾಯ.

2. ಬಜೆಟ್‌ನಲ್ಲಿ ಒಂದು ಸಾಲು ಬರೆಸಿ

“ಪ್ರಾಯೋಜಕರನ್ನು ಹುಡುಕೋಣ” ಎಂದು ಶುರು ಮಾಡಿದರೆ ಗೋಡೆ ತುಂಬ ಸಿಮೆಂಟ್ ಕಂಪನಿಯ ಲೋಗೊ ಬರುತ್ತದೆ. ಪಾಲಿಕೆಯ ಸ್ವಂತ ಲೆಕ್ಕಶೀರ್ಷಿಕೆ ಬೇಕು, ಮೊತ್ತ ಚಿಕ್ಕದಾದರೂ ಪರವಾಗಿಲ್ಲ. ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಆಗುತ್ತದೆ. ಸಲಹೆ ಕೊಡುವವರು ಡಿಸೆಂಬರ್‌ನಲ್ಲೇ ಬರವಣಿಗೆಯಲ್ಲಿ ಕೊಡಬೇಕು. ಮಾರ್ಚ್ ಕೊನೆಗೆ ಹೋಗಿ ಕೇಳಿದರೆ “ಮುಂದಿನ ವರ್ಷ ನೋಡೋಣ” ಅನ್ನುವ ಉತ್ತರ ಗ್ಯಾರಂಟಿ.

ಇದಕ್ಕಿಂತ ಗಟ್ಟಿ ದಾರಿಯೂ ಇದೆ. ಕಟ್ಟಡದ ಅಂದಾಜು ಪಟ್ಟಿಯಲ್ಲೇ ಕಲೆಗೆ ಪಾಲು ಇಡುವುದು. ಫ್ರಾನ್ಸ್ 1951ರಲ್ಲಿ ಶಾಲಾ ಕಟ್ಟಡಗಳಿಂದ ಈ ಪದ್ಧತಿ ಶುರು ಮಾಡಿತು: ಕಟ್ಟುವ ಖರ್ಚಿನಲ್ಲಿ ಶೇ 1ರಷ್ಟು ಆ ಕಟ್ಟಡಕ್ಕಾಗಿಯೇ ಮಾಡಿಸುವ ಕಲಾಕೃತಿಗೆ. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಇಂಥದ್ದೇ ನಿಯಮ ತಂದಿತು. ಆಮೇಲೆ ಅಲ್ಲಿನ ಹಲವು ನಗರಗಳು ಅದನ್ನೇ ಅನುಸರಿಸಿದವು.

ನಮ್ಮಲ್ಲಿ ಇದನ್ನು ಎಲ್ಲಿ ಹಾಕಬಹುದು? ಬಸ್ ನಿಲ್ದಾಣ, ಮಾರುಕಟ್ಟೆ, ಉದ್ಯಾನ, ಅಂಡರ್‌ಪಾಸ್, ಹೊಸ ಪಾಲಿಕೆ ಕಟ್ಟಡ, ಹೀಗೆ ಜನ ಓಡಾಡುವ ಜಾಗದ ಕಾಮಗಾರಿಗಳಿಗೆ. ಚರಂಡಿ ಕಾಮಗಾರಿಗೆ ಬೇಡ. ಪೂರ್ತಿ ಶೇ 1 ಆಗದಿದ್ದರೆ ಅರ್ಧವಾದರೂ ಇರಲಿ. 10 ಕೋಟಿಯ ಮಾರುಕಟ್ಟೆ ಕಟ್ಟಡದಲ್ಲಿ ಅರ್ಧ ಪರ್ಸೆಂಟ್ ಅಂದರೆ 5 ಲಕ್ಷ. ಗ್ರಾನೈಟ್ ನೆಲಹಾಸಿನಲ್ಲಿ ಕಾಣೆಯಾಗುವ ಮೊತ್ತ ಅದು, ಆದರೆ ಒಬ್ಬ ಶಿಲ್ಪಿಗೆ ಆರು ತಿಂಗಳ ಕೆಲಸ.

ಇಲ್ಲಿ ಮುಖ್ಯವಾದದ್ದು ಸಮಯ. ನಕ್ಷೆ ಹಾಕುವಾಗಲೇ ಕಲಾವಿದರನ್ನು ಕೂರಿಸಬೇಕು. ಆಗ ಮಾರುಕಟ್ಟೆಯ ಕಟ್ಟೆಯೇ ಕಲಾಕೃತಿ ಆಗಬಹುದು, ಕಿಟಕಿ ಜಾಲರಿ ಆಗಬಹುದು, ನೆಲದ ಹೆಂಚು ಆಗಬಹುದು. ಕಟ್ಟಡ ಮುಗಿದಮೇಲೆ ಕರೆದರೆ ಉಳಿಯುವುದು ಶೌಚಾಲಯದ ಪಕ್ಕದ ಗೋಡೆ.

3. ಟೆಂಡರ್ ಗಂಟು ಬಿಡಿಸಿ

ದುಡ್ಡು ಸಿಕ್ಕಮೇಲೆ ಹೆಚ್ಚಿನ ಯೋಜನೆ ಸಾಯುವುದು ಇಲ್ಲೇ. ಸರ್ಕಾರಿ ಸಂಸ್ಥೆ ಏನು ಕೊಂಡರೂ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ಕಾಯ್ದೆ) ಪ್ರಕಾರ ಕೊಳ್ಳಬೇಕು. ಒಳ್ಳೆಯ ಕಾಯ್ದೆಯೇ. ಆದರೆ ಚಿತ್ರವನ್ನು ಜಲ್ಲಿಕಲ್ಲಿನ ಹಾಗೆ ಟೆಂಡರ್ ಕರೆದರೆ ಚದರ ಅಡಿಗೆ ಕಡಿಮೆ ರೇಟ್ ಹಾಕಿದವರಿಗೆ ಕೆಲಸ ಹೋಗುತ್ತದೆ. ಆ ರೇಟಿಗೆ ಬರುವುದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ನವಿಲು. ಇಲ್ಲವೇ ಗುತ್ತಿಗೆದಾರರು ದೊಡ್ಡ ಮೊತ್ತಕ್ಕೆ ಹಿಡಿದು, ಕಲಾವಿದರಿಗೆ ದಿನಗೂಲಿ ಕೊಡುತ್ತಾರೆ.

ಇದಕ್ಕೆ ದಾರಿ ಇಲ್ಲವೇ ಅಂದರೆ, ಇದೆ. ಒಂದು, ಗುಣಮಟ್ಟಕ್ಕೂ ಬೆಲೆಗೂ ಬೇರೆ ಬೇರೆ ಅಂಕ ಇಟ್ಟು ಆಯ್ಕೆ ಮಾಡುವ ಕ್ರಮ. ಮೊದಲು ಕಲ್ಪನೆ ಮತ್ತು ಹಿಂದಿನ ಕೆಲಸ ನೋಡಿ ಅಂಕ ಕೊಡಿ, ಆಮೇಲೆ ಬೆಲೆಯ ಲಕೋಟೆ ತೆರೆಯಿರಿ. ಎರಡು, ಇನ್ನೂ ಸರಳ: ಬೆಲೆಯನ್ನು ಮೊದಲೇ ಗೊತ್ತು ಮಾಡಿಬಿಡಿ. “ಈ ಗೋಡೆಗೆ ಇಷ್ಟು ದುಡ್ಡಿದೆ, ಯಾರ ಕಲ್ಪನೆ ಚೆನ್ನಾಗಿದೆಯೋ ಅವರಿಗೆ” ಎಂದರೆ ಪೈಪೋಟಿ ಕಲೆಯ ಮೇಲೆ ನಡೆಯುತ್ತದೆ. ಮೂರು, ಕಾಯ್ದೆಯ 4(ಜಿ) ಕಲಮಿನಲ್ಲಿ ಸರ್ಕಾರದಿಂದ ವಿನಾಯಿತಿ ಕೇಳುವುದು. ಇದಕ್ಕೆ ಸಮಯ ಹಿಡಿಯುತ್ತದೆ, ಹೋದ ಕಡತ ಬೇಗ ಬರುವುದಿಲ್ಲ. ದೊಡ್ಡ ಶಿಲ್ಪದಂಥ ಕೆಲಸಕ್ಕೆ ಮಾತ್ರ ಈ ದಾರಿ ಹಿಡಿಯಿರಿ. ಯಾವ ದಾರಿ ಹಿಡಿದರೂ ಲೆಕ್ಕಾಧಿಕಾರಿಯನ್ನು ಮೊದಲ ಸಭೆಗೇ ಕರೆಯಿರಿ. ಕೊನೆಗೆ ಬಿಲ್ ಬಂದಾಗ ಮೊದಲ ಸಲ ಕಡತ ನೋಡಿದರೆ ಅವರು ತಕರಾರು ಹಾಕದೆ ಇನ್ನೇನು ಮಾಡುತ್ತಾರೆ?

ಅರ್ಜಿಯ ಷರತ್ತುಗಳನ್ನೂ ಒಮ್ಮೆ ಓದಿ ನೋಡಿ. ಮೂರು ವರ್ಷದ ಆಡಿಟ್ ವರದಿ, ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ), ಜಿಎಸ್‌ಟಿ ನಂಬರ್ ಕಡ್ಡಾಯ ಎಂದು ಇರುತ್ತದೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅಂದಮೇಲೆ ಊರಿನ ಕಲಾವಿದರಿಗೆ ಈ ಷರತ್ತು ಯಾಕೆ? ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಹಿಂದಿನ ಕೆಲಸದ ಐದಾರು ಫೋಟೊ. ಅಷ್ಟು ಸಾಕು.

4. ಗೋಡೆ ಯಾರದ್ದು, ತಿಳಿದುಕೊಳ್ಳಿ

ಒಂದೇ ರಸ್ತೆಯಲ್ಲಿ ನಡೆಯಿರಿ. ಮೊದಲ ಗೋಡೆ ರೈಲ್ವೆಯದು, ಪಕ್ಕದ ಕಾಂಪೌಂಡ್ ಶಿಕ್ಷಣ ಇಲಾಖೆಯದು, ಮೇಲ್ಸೇತುವೆ ಲೋಕೋಪಯೋಗಿಯದೋ ಹೆದ್ದಾರಿ ಪ್ರಾಧಿಕಾರದ್ದೋ, ಕಂಬ ಮೆಟ್ರೊದ್ದು, ಕರೆಂಟ್ ಡಬ್ಬಿ ಬೆಸ್ಕಾಂನದು. ಬೆಂಗಳೂರಲ್ಲಿ ಈಗ ಹಳೆ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ನಿಮ್ಮ ಗೋಡೆ ಯಾವ ಪಾಲಿಕೆಗೆ ಸೇರಿತು ಅನ್ನುವುದೂ ನೋಡಬೇಕಾದ ಸಂಗತಿಯೇ.

ಗೋಡೆ ಯಾರದ್ದೋ ಅವರಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಬರವಣಿಗೆಯಲ್ಲಿ ತೆಗೆದುಕೊಳ್ಳಿ. “ಸಾಹೇಬರು ಹ್ಞೂಂ ಅಂದಿದ್ದಾರೆ” ನಡೆಯುವುದಿಲ್ಲ. ಸಾಹೇಬರು ವರ್ಗವಾಗಿ ಹೋಗುತ್ತಾರೆ. ಖಾಸಗಿ ಗೋಡೆಯಾದರೂ ಸುಮ್ನೆ ಬರೆಯುವ ಹಾಗಿಲ್ಲ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯಲು, ಅಂಟಿಸಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಪೋಸ್ಟರ್ ಹಾವಳಿ ತಡೆಯಲು ಬಂದ ಕಾಯ್ದೆ ಅದು. ಆದರೆ ಪತ್ರ ಕೈಯಲ್ಲಿ ಇಲ್ಲದಿದ್ದರೆ ಕಲಾವಿದರಿಗೂ ತಗಲಿಹಾಕಿಕೊಳ್ಳಬಹುದು.

ಪಾಲಿಕೆ ಮಾಡಬಹುದಾದ ದೊಡ್ಡ ಉಪಕಾರ ಏನೆಂದರೆ, ಈ ಓಡಾಟವನ್ನು ಕಲಾವಿದರ ತಲೆಯಿಂದ ಇಳಿಸುವುದು. ಬರೆಯಬಹುದಾದ ಗೋಡೆಗಳ ಪಟ್ಟಿಯನ್ನು ಪಾಲಿಕೆಯೇ ಮಾಡಿ, ಎಲ್ಲ ಇಲಾಖೆಯ ಒಪ್ಪಿಗೆ ಒಂದೇ ಸಲ ತಂದು, ಅಳತೆ, ಫೋಟೊ ಸಮೇತ ಪ್ರಕಟಿಸಲಿ.

ಪಟ್ಟಿಗೆ ಸೇರಿಸಬಾರದ ಗೋಡೆಗಳೂ ಇವೆ. ಹಳೆಯ ಕಲ್ಲುಕಟ್ಟಡಕ್ಕೆ ಬಣ್ಣ ಬೇಡ. ಸೈಜುಗಲ್ಲಿನ ಗೋಡೆಗೆ ಬಣ್ಣ ಬಳಿದರೆ ತೆಗೆಯುವುದು ಮಹಾ ಕಷ್ಟ, ಕಲ್ಲಿನ ಸಂದಿಯ ಗಾರೆಗೂ ಉಸಿರಾಟ ಇರುವುದಿಲ್ಲ. ಮರದ ಬುಡಕ್ಕೂ ಬೇಡ. ಟ್ರಾನ್ಸ್‌ಫಾರ್ಮರ್ ಹತ್ತಿರ ಅಂತೂ ಬೇಡವೇ ಬೇಡ. ಕಬ್ಬಿಣದ ಏಣಿ, ಸಾರವೆ, ಒದ್ದೆ ಬ್ರಶ್, ಮೇಲೆ ತಂತಿ. ಯಾವ ಚಿತ್ರವೂ ಆ ಅಪಾಯದಷ್ಟು ಬೆಲೆ ಬಾಳುವುದಿಲ್ಲ.

5. ಕಲಾವಿದರನ್ನು ಆರಿಸಿ, ಸರಿಯಾಗಿ ದುಡ್ಡು ಕೊಡಿ

ಅರ್ಜಿ ಕರೆಯುವಾಗ ಪೂರ್ತಿ ವಿನ್ಯಾಸ ಕೇಳಬೇಡಿ. ನೂರು ಜನ ಬಿಟ್ಟಿ ಕೆಲಸ ಮಾಡಿ, ಒಬ್ಬರಿಗೆ ಮಾತ್ರ ದುಡ್ಡು ಸಿಗುವುದು ಯಾವ ನ್ಯಾಯ? ಮೊದಲು ಹಳೆ ಕೆಲಸದ ಫೋಟೊ ಮತ್ತು ಒಂದು ಪುಟದ ವಿಚಾರ ಸಾಕು. ಅದರಲ್ಲಿ ಮೂವರನ್ನು ಆರಿಸಿ, ಮೂವರಿಗೂ ಒಂದಿಷ್ಟು ಹಣ ಕೊಟ್ಟು ವಿನ್ಯಾಸ ಮಾಡಿಸಿ.

ಆಯ್ಕೆ ಸಮಿತಿಯಲ್ಲಿ ಕಲಾವಿದರೇ ಜಾಸ್ತಿ ಇರಲಿ. ಜೊತೆಗೆ ಒಬ್ಬ ಎಂಜಿನಿಯರ್, ಆ ರಸ್ತೆಯಲ್ಲೇ ಇರುವ ಒಬ್ಬರು. ಅಂಗಡಿಯವರಾದರೆ ಇನ್ನೂ ಒಳ್ಳೆಯದು, ಅವರು ದಿನವಿಡೀ ಆ ಗೋಡೆ ನೋಡುತ್ತಿರುತ್ತಾರೆ. ಮೂರು ವಿನ್ಯಾಸವನ್ನೂ ಪಕ್ಕದ ಟೀ ಅಂಗಡಿಯಲ್ಲಿ ಒಂದು ವಾರ ನೇತುಹಾಕಿ. ವೋಟ್ ಹಾಕಿಸಬೇಕಿಲ್ಲ, ಮಾತು ಕೇಳಿಸಿಕೊಂಡರೆ ಸಾಕು. “ಇಲ್ಲಿ ಮುಂಚೆ ಬಾವಿ ಇತ್ತು ಗೊತ್ತಾ” ಎಂದು ಯಾರೋ ಅಜ್ಜ ಹೇಳಿದ ಮಾತಿನಿಂದ ಚಿತ್ರವೇ ಬದಲಾಗಬಹುದು.

ಜಾನಪದ ಶೈಲಿ ಬೇಕು ಅಂದರೆ ಆ ಜಾನಪದದವರನ್ನೇ ಕರೆಯಿರಿ. ಹಸೆ ಚಿತ್ತಾರದ ಗೆರೆಗಳು ಈಗ ಎಲ್ಲ ಕಡೆ ಕಾಣುತ್ತವೆ. ಅದು ಮಲೆನಾಡಿನ ದೀವರ ಹೆಣ್ಣುಮಕ್ಕಳ ಕಲೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಪ್ರತಿ ಗೆರೆಗೂ ಒಂದು ಅರ್ಥ, ಒಂದು ಹಾಡು ಇದೆ. ಡಿಸೈನ್ ಏಜೆನ್ಸಿಯವರು ಅದನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ಬಿಲ್ ಹಾಕಿದರೆ ಸಾಗರದ ಆ ಹೆಣ್ಣುಮಕ್ಕಳಿಗೆ ಸಿಗುವುದು ಏನೂ ಇಲ್ಲ. ಬಸ್ ಚಾರ್ಜ್, ವಸತಿ, ಸಂಭಾವನೆ ಕೊಟ್ಟು ಅವರನ್ನೇ ಕರೆಸಿ. ಕಿನ್ನಾಳದ ಮರಗೆಲಸಕ್ಕೂ ಇದೇ ಮಾತು.

ಇನ್ನು ಸಂಭಾವನೆ. ಚದರ ಅಡಿ ಲೆಕ್ಕ ಒಂದನ್ನೇ ಹಿಡಿಯಬೇಡಿ. ಅಂದಾಜಿನಲ್ಲಿ ಇವು ಬೇರೆ ಬೇರೆ ಸಾಲಿನಲ್ಲಿ ಬರಲಿ: ವಿನ್ಯಾಸದ ಸಂಭಾವನೆ, ಗೋಡೆ ಸಿದ್ಧ ಮಾಡುವ ಖರ್ಚು, ಬಣ್ಣ, ಸಾರವೆ ಬಾಡಿಗೆ, ಸಹಾಯಕರ ಕೂಲಿ, ಊಟ, ಓಡಾಟ, ಅಪಘಾತ ವಿಮೆ. ಬಣ್ಣದ ಲೆಕ್ಕ ಸುಲಭ. ಒಳ್ಳೆಯ ಎಕ್ಸ್‌ಟೀರಿಯರ್ ಎಮಲ್ಷನ್ ಒಂದು ಲೀಟರ್‌ಗೆ, ಎರಡು ಕೋಟ್ ಹೊಡೆದರೆ, ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. 30 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಹಿನ್ನೆಲೆ ಬಣ್ಣವೇ 5-6 ಲೀಟರ್. ಚಿತ್ರದ ಬಣ್ಣ ಬೇರೆ. ಈ ಸಾಲುಗಳನ್ನೆಲ್ಲ ಕೂಡಿಸಿ ನೋಡಿದರೆ “ಬರೀ ಬಣ್ಣ ಬಳಿಯೋಕೆ ಇಷ್ಟು ದುಡ್ಡಾ” ಎನ್ನುವ ಪ್ರಶ್ನೆ ಅಲ್ಲೇ ನಿಲ್ಲುತ್ತದೆ.

ಹಣ ಮೂರು ಕಂತಿನಲ್ಲಿ ಕೊಡಿ. ಮೊದಲ ಕಂತು ಕೆಲಸಕ್ಕೆ ಮುಂಚೆ. ಬಣ್ಣ, ಸಾರವೆಗೆ ಕೈಯಿಂದ ಹಾಕಿ ಆರು ತಿಂಗಳು ಬಿಲ್ಲಿಗೆ ಕಾಯುವ ಶಕ್ತಿ ಎಷ್ಟು ಕಲಾವಿದರಿಗೆ ಇರುತ್ತದೆ? ಕಲಾವಿದರು ಎರಡನೇ ಸಲ ಪಾಲಿಕೆ ಕಡೆ ಮುಖ ಹಾಕದೆ ಇರುವುದಕ್ಕೆ ಕಾರಣ ಬಹುತೇಕ ಇದೊಂದೇ.

6. ಗೋಡೆಯನ್ನು ಸಿದ್ಧ ಮಾಡಿ

ಕೈ ಅಂಗೈಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಅಂಟಿದರೆ ಹಳೆ ಸುಣ್ಣ ಇದೆ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಕೆರೆದು ತೆಗೆಯಬೇಕು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಬಿಟ್ಟಿದೆ. ಕಿತ್ತು ಹೊಸದಾಗಿ ಮೆತ್ತಬೇಕು. ಹೊಸ ಗಾರೆ ಕಡಿಮೆ ಅಂದರೂ 28 ದಿನ ಒಣಗಲಿ. ಉದ್ಘಾಟನೆಯ ದಿನಾಂಕ ಗೊತ್ತಾಗಿದೆ ಎಂದು ಇದನ್ನು ಹಾರಿಸಿದರೆ ಎಲ್ಲ ಹಾಳು.

ತೇವ ಇದೆಯಾ ನೋಡಲು ಸುಲಭ ಉಪಾಯ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಗಡೆ ನೀರಹನಿ ಕಂಡರೆ ಗೋಡೆ ನೀರು ಕುಡಿದಿದೆ. ಹಿಂದೆ ಮಣ್ಣು ತುಂಬಿದ ತಡೆಗೋಡೆಗಳಲ್ಲಿ ಇದು ಜಾಸ್ತಿ. ಅಲ್ಲಿ ನೀರು ಹೊರಬರಲು ಬಿಟ್ಟ ತೂತುಗಳನ್ನು ಚಿತ್ರಕ್ಕಾಗಿ ಮುಚ್ಚಬೇಡಿ. ಮುಚ್ಚಿದರೆ ಗೋಡೆಗೇ ಅಪಾಯ. ತೂತನ್ನೂ ಚಿತ್ರದೊಳಗೆ ಸೇರಿಸಿಕೊಳ್ಳುವುದು ಕಲಾವಿದರಿಗೆ ಬಿಟ್ಟದ್ದು. ಒಳ್ಳೆಯವರು ಅದನ್ನೇ ಹಕ್ಕಿಗೂಡು ಮಾಡಿಬಿಡುತ್ತಾರೆ!

ಮಳೆ ನಿಂತಮೇಲೆ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಕೆಲಸ ಮುಗಿಸಿ. ಹೊರಗೋಡೆಗೆ ಒಳಗೋಡೆಯ ಡಿಸ್ಟೆಂಪರ್ ಹೊಡೆಯುವುದು ದುಡ್ಡು ನೀರಿಗೆ ಹಾಕಿದಂತೆ. ಪಡುವಣ ಬಿಸಿಲಿಗೆ ಮುಖ ಮಾಡಿದ ಗೋಡೆಯಲ್ಲಿ ಗಾಢ ಕೆಂಪು, ಹಳದಿ ಬೇಗ ಮಾಸುತ್ತವೆ. ಮಣ್ಣಿನ ಬಣ್ಣಗಳು, ನೀಲಿ, ಕಪ್ಪು ಹೆಚ್ಚು ಕಾಲ ತಾಳುತ್ತವೆ. ನೆಲದಿಂದ ಎರಡು ಅಡಿ ಎತ್ತರದವರೆಗೆ ಮುಖ್ಯವಾದ್ದೇನೂ ಬರೆಯಬೇಡಿ. ಮಳೆಯಲ್ಲಿ ಕೆಸರು ಸಿಡಿಯುವುದು ಅಲ್ಲಿಯೇ, ಎಲೆಅಡಿಕೆ ಉಗುಳು ಬೀಳುವುದೂ ಅಲ್ಲಿಯೇ. ಒಂದು ಗಾಢ ಪಟ್ಟಿ ಬಿಟ್ಟರೆ ತೊಳೆಯಲು ಸುಲಭ.

ಮೂತ್ರ ಮಾಡುವುದನ್ನು ತಪ್ಪಿಸಲು ದೇವರ ಚಿತ್ರ ಬರೆಸೋಣ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಅಲ್ಲಿ ಬೇಕಾಗಿರುವುದು ಶೌಚಾಲಯ.

7. ಒಪ್ಪಂದ ಬರೆಯಿರಿ

ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಎಂಬ ಶಿಲ್ಪಿ ಮಾಡಿದ ಭಾರಿ ಕಂಚಿನ ಭಿತ್ತಿಶಿಲ್ಪ ಇತ್ತು. ಸರ್ಕಾರವೇ ಮಾಡಿಸಿದ್ದು. 1979ರಲ್ಲಿ ಕಟ್ಟಡ ನವೀಕರಣದ ವೇಳೆ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಶಿಲ್ಪಿಗೆ ಒಂದು ಮಾತು ಹೇಳಲಿಲ್ಲ. ಕೃತಿ ತುಂಡಾಯಿತು, ಕೆಲವು ಭಾಗ ಕಳೆದೂ ಹೋಯಿತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಉಳಿದ ತುಂಡುಗಳನ್ನು ಶಿಲ್ಪಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ.

ಈ ತೀರ್ಪಿಗೆ ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು. ಕೃತಿಯನ್ನು ಮಾರಿದ ಮೇಲೂ, ಹಕ್ಕು ಬರೆದುಕೊಟ್ಟ ಮೇಲೂ, ಅದು ತನ್ನದು ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದರಿಗೆ ಇರುತ್ತದೆ. ತಮ್ಮ ಹೆಸರಿಗೆ ಕುಂದು ಬರುವಂತೆ ಅದನ್ನು ಕೆಡಿಸಿದರೆ ಪ್ರಶ್ನಿಸುವ ಹಕ್ಕೂ ಇರುತ್ತದೆ. ಆದರೆ ನಕಲು ಮಾಡುವ, ಮಾರುವ ಹಕ್ಕಿನ ಕಥೆ ಬೇರೆ. ಸರ್ಕಾರಿ ಸಂಸ್ಥೆ ಮಾಡಿಸಿದ ಕೆಲಸದಲ್ಲಿ, ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ, ಆ ಹಕ್ಕು ಸಂಸ್ಥೆಗೇ ಹೋಗುವುದು ಹೆಚ್ಚು. ಹಾಗಾಗಿ ಕಲಾವಿದರೇ, ಸಹಿ ಹಾಕುವ ಮುಂಚೆ ಓದಿ.

ಒಪ್ಪಂದ ಎರಡು ಪುಟ ಇದ್ದರೆ ಸಾಕು, ಕನ್ನಡದಲ್ಲೇ ಇರಲಿ. ಕೃತಿ ಎಷ್ಟು ವರ್ಷ ಇರಬೇಕು ಎಂದು ಬರೆಯಿರಿ. ಗೋಡೆಚಿತ್ರಕ್ಕೆ ಐದು ವರ್ಷ ಎಂದರೆ ನ್ಯಾಯ. ರಸ್ತೆ ಅಗಲ ಮಾಡುವಂಥ ಸಂದರ್ಭ ಬಂದು ತೆಗೆಯಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಹಾಳಾದರೆ ಯಾರು ಸರಿಮಾಡಬೇಕು, ಆ ಖರ್ಚು ಯಾರದ್ದು, ಚಿತ್ರವನ್ನು ಜಾಹೀರಾತಿಗೆ ಬಳಸಿದರೆ ಏನು, ಕಲಾವಿದರ ಹೆಸರು ಗೋಡೆ ಮೇಲೆ ಎಲ್ಲಿ ಬರುತ್ತದೆ, ಇವೆಲ್ಲ ಇರಲಿ. ಶಾಸಕರ ಹೆಸರು ಕಲಾವಿದರ ಹೆಸರಿಗಿಂತ ದೊಡ್ಡದಾಗಿ ಬರೆಯುವ ಹಾಗಿಲ್ಲ ಎಂದೂ ಒಂದು ಸಾಲು ಸೇರಿಸಿದರೆ ನನಗಂತೂ ಖುಷಿ.

8. ಮಾರಲು ಜಾಗ, ಕೆಲಸಕ್ಕೆ ಜಾಗ

ಕಲಾವಿದರು ವರ್ಷಕ್ಕೊಂದು ಗೋಡೆ ಬರೆದು ಬದುಕುವುದಿಲ್ಲ. ಕೃತಿ ಮಾರಾಟ ಆಗಬೇಕು. ಈ ವಿಚಾರದಲ್ಲಿ ಬೆಂಗಳೂರಿನ ಚಿತ್ರಸಂತೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ್ದು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತ್ ಉದ್ದಕ್ಕೂ ಚಿತ್ರ ಇಟ್ಟು ಕೂರುತ್ತಾರೆ. ನೂರು ರೂಪಾಯಿಯದೂ ಇದೆ, ಲಕ್ಷದ್ದೂ ಇದೆ. ನಡುವೆ ದಲ್ಲಾಳಿ ಇಲ್ಲ. ಗ್ಯಾಲರಿ ಬಾಗಿಲು ನೋಡಿಯೇ ಹೆದರುವವರು ಇಲ್ಲಿ ಕಡಲೆಕಾಯಿ ತಿನ್ನುತ್ತಾ ಬೆಲೆ ಕೇಳುತ್ತಾರೆ.

ನಿಮ್ಮೂರಲ್ಲಿ ಇದನ್ನು ಮಾಡಲು ಪಾಲಿಕೆ ಕಲೆ ಕಲಿಯಬೇಕಿಲ್ಲ. ರಸ್ತೆ ಬಂದ್ ಮಾಡಿಸುವುದು, ಕುಡಿಯುವ ನೀರು, ಹೆಂಗಸರಿಗೂ ಸಾಲುವಷ್ಟು ಶೌಚಾಲಯ, ನೆರಳು, ಸಂಜೆ ಕಸ ಎತ್ತುವುದು. ಇಷ್ಟೇ. ಆಯ್ಕೆ, ಮಳಿಗೆ ಹಂಚುವುದನ್ನು ಊರಿನ ಕಲಾಶಾಲೆಗೋ ಕಲಾವಿದರ ಸಂಘಕ್ಕೋ ಬಿಡಿ. ಮೊದಲ ವರ್ಷ ಐವತ್ತು ಮಳಿಗೆ ಬಂದರೂ ಸಾಕು. ದಿನಾಂಕ ಮಾತ್ರ ಬದಲಿಸಬೇಡಿ. ಪ್ರತಿ ವರ್ಷ ಅದೇ ಭಾನುವಾರ ಅಂದರೆ ಜನ ನೆನಪಿಡುತ್ತಾರೆ.

ಕೆಲಸದ ಜಾಗ ಇದಕ್ಕಿಂತ ದೊಡ್ಡ ಕೊರತೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರಡಿ ಕ್ಯಾನ್ವಾಸ್ ಎಲ್ಲಿ ಇಡುವುದು? ಪಾಲಿಕೆ ಕಾಂಪ್ಲೆಕ್ಸ್‌ಗಳಲ್ಲಿ ಮೇಲ್ಮಹಡಿಯ ಅಂಗಡಿಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡಿರುತ್ತವೆ. ಹರಾಜಿಗೆ ಯಾರೂ ಬರುವುದಿಲ್ಲ. ಅವನ್ನು ಹನ್ನೊಂದು ತಿಂಗಳ ಕರಾರಿಗೆ ಕಡಿಮೆ ಬಾಡಿಗೆಯಲ್ಲಿ ಕೊಡಿ. ಬದಲಿಗೆ ತಿಂಗಳಿಗೊಂದು ಶನಿವಾರ ಬಾಗಿಲು ತೆರೆದಿಟ್ಟು ಮಕ್ಕಳಿಗೆ ಕಲಿಸಲಿ. ಬೇಕಾದ್ದು ಬೆಳಕು, ಒಂದು ನಲ್ಲಿ, ತೊಳೆಯಬಹುದಾದ ನೆಲ. ಸಮುದಾಯ ಭವನಗಳು ಮದುವೆ ಇಲ್ಲದ ದಿನ ಖಾಲಿ, ನಾಟಕದವರ ತಾಲೀಮಿಗೆ ಕೊಡಬಹುದು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹಾದಿಯ ಕೆಳಗೆ 2013ರಲ್ಲಿ ರಂಗೋಲಿ ಕಲಾಕೇಂದ್ರ ಆಯಿತು. ಕಾಂಕ್ರೀಟಿನ ಕೆಳಗಿನ ಜಾಗವನ್ನು ಪಾರ್ಕಿಂಗ್‌ಗೆ ಬಿಡದೆ ಹೀಗೂ ಬಳಸಬಹುದು ಎಂದು ಅಲ್ಲಿ ಹೋಗಿ ನೋಡಿಕೊಂಡು ಬನ್ನಿ.

ಇರುವ ಗ್ಯಾಲರಿಗಳನ್ನು ಬೇರೆಯವರಿಗೆ ವಹಿಸುವ ಮುಂಚೆ ಮಾತ್ರ ಹತ್ತು ಸಲ ಯೋಚಿಸಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಯೋಜನೆ ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಅವರ ಮುಖ್ಯ ತಕರಾರು, ನಮ್ಮನ್ನು ಕೇಳಲೇ ಇಲ್ಲ ಎಂಬುದು. ಹೊಸಬರಿಗೆ ಕಡಿಮೆ ಬಾಡಿಗೆಗೆ ಸಿಗುವ ಗೋಡೆ ಅದು. ಕಟ್ಟಡ ಚೆಂದ ಮಾಡುವ ನೆಪದಲ್ಲಿ ಅದು ಕೈತಪ್ಪಿದರೆ ಅವರು ಎಲ್ಲಿಗೆ ಹೋಗಬೇಕು?

9. ಬೈಯುವ ಕಲೆಗೂ ಜಾಗ ಇರಲಿ

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದರು. 2019ರಲ್ಲಿ ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿ ನಡೆಯುವ ವಿಡಿಯೊ ಮಾಡಿಸಿದರು, ಚಂದ್ರನ ಮೇಲೆ ನಡೆದ ಹಾಗೇ ಇತ್ತು. ಜಗತ್ತೆಲ್ಲ ನೋಡಿತು. ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು.

ಇಂಥ ಕೆಲಸಕ್ಕೆ ಪಾಲಿಕೆ ದುಡ್ಡು ಕೊಡಬೇಕು ಎಂದು ನಾನು ಹೇಳುವುದಿಲ್ಲ. ದುಡ್ಡು ಕೊಟ್ಟರೆ ಅದರ ಮೊನಚೇ ಹೋಗುತ್ತದೆ. ಕೇಸ್ ಹಾಕದೆ ಇದ್ದರೆ ಸಾಕು. ನೀವೇ ಮಾಡಿಸುವ ಕೆಲಸದಲ್ಲೂ ವಿಷಯವನ್ನು “ಸ್ವಚ್ಛತೆ, ನೀರು ಉಳಿಸಿ, ಮರ ಬೆಳೆಸಿ” ಎಂಬ ಮೂರಕ್ಕೇ ಕಟ್ಟಿಹಾಕಬೇಡಿ. ಘೋಷಣೆ ಬರೆಸಲು ಬೋರ್ಡ್ ಸಾಕು.

10. ನೋಡಿಕೊಳ್ಳುವವರನ್ನು ಗೊತ್ತು ಮಾಡಿ

ಪ್ರತಿ ಕೃತಿಗೂ ಒಂದು ನಂಬರ್ ಕೊಟ್ಟು ವಾರ್ಡ್ ಕಚೇರಿಯಲ್ಲಿ ರಿಜಿಸ್ಟರ್ ಇಡಿ. ಕಲಾವಿದರ ಹೆಸರು, ಫೋನ್, ಬಳಸಿದ ಬಣ್ಣದ ಕಂಪನಿ ಮತ್ತು ಶೇಡ್ ನಂಬರ್, ಒಪ್ಪಂದ ಮುಗಿಯುವ ದಿನಾಂಕ. ಶೇಡ್ ನಂಬರ್ ಬರೆದಿಡದಿದ್ದರೆ ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತದೆ. ಮೊದಲ ಅಂದಾಜಿನಲ್ಲೇ ಶೇ 10ರಷ್ಟು ಹಣವನ್ನು ದುರಸ್ತಿಗೆ ಎಂದು ಎತ್ತಿಡಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ವಾರ್ಡ್ ಎಂಜಿನಿಯರ್ ರಿಜಿಸ್ಟರ್ ಹಿಡಿದು ಒಂದು ಸುತ್ತು ಬರಲಿ. ಪೋಸ್ಟರ್ ಅಂಟಿದ್ದರೆ ಒಣಗಿದ್ದಾಗ ಕೀಳಬೇಡಿ, ಬಣ್ಣವೂ ಕಿತ್ತು ಬರುತ್ತದೆ. ನೀರು ಹಾಕಿ ನೆನೆಸಿ ಬಿಡಿಸಬೇಕು. ಒಬ್ಬರು ಅಂಟಿಸಿದ್ದು ಎರಡು ದಿನ ಉಳಿದರೆ ಮೂರನೇ ದಿನ ಹತ್ತು ಜನ ಅಂಟಿಸುತ್ತಾರೆ. ಪೌರಕಾರ್ಮಿಕರ ಮೇಲೆ ಇದನ್ನು ಸುಮ್ನೆ ಹೇರಬೇಡಿ. ಈ ಕೆಲಸಕ್ಕೆ ಬೇರೆ ಕೂಲಿ ಕೊಡಿ. ಚಿತ್ರ ಸರಿಮಾಡಬೇಕಾದರೆ ಮೊದಲು ಅದನ್ನು ಬರೆದವರನ್ನೇ ಕೇಳಿ. ಅವರು ಬರಲಾಗದಿದ್ದರೆ ಅವರ ಒಪ್ಪಿಗೆ ಪಡೆದು ಬೇರೆಯವರಿಂದ ಮಾಡಿಸಿ.

ಅವಧಿ ಮುಗಿದ ಚಿತ್ರವನ್ನು ಎಳೆದಾಡಬೇಡಿ. ಅರ್ಧ ಉದುರಿದ ಚಿತ್ರ ನೋಡಲು ಖಾಲಿ ಗೋಡೆಗಿಂತ ಕೆಟ್ಟದಾಗಿರುತ್ತದೆ. ಕಲಾವಿದರಿಗೆ ಪತ್ರ ಬರೆದು ತಿಳಿಸಿ, ಕೊನೆಯದಾಗಿ ಒಂದು ಫೋಟೊ ತೆಗೆದು ರಿಜಿಸ್ಟರ್‌ಗೆ ಅಂಟಿಸಿ, ಗೋಡೆ ಕೆರೆಸಿ, ಮುಂದಿನ ಅರ್ಜಿ ಕರೆಯಿರಿ.